ಕಾರಿನ ಗಾಜಿಗೆ ಮಬ್ಬು ಕವಿಯುವುದೇಕೆ, ಬೇಗ ಬಿಡಿಸುವುದು ಹೇಗೆ

ಚಿಕ್ಕಬಳ್ಳಾಪುರ ಜಿಲ್ಲೆಗೆ ಬರಗಾಲದ ಹೆಸರೇ ಹೆಚ್ಚು. ಮಲೆನಾಡಿನವರ ಹಾಗೆ ತಿಂಗಳುಗಟ್ಟಲೆ ಜಡಿಮಳೆಯಲ್ಲಿ ಕಾರು ಓಡಿಸುವ ರೂಢಿ ನಮಗಿಲ್ಲ. ಹಾಗಾಗಿ ಗಾಜು ಮಬ್ಬಾದರೆ ಏನು ಮಾಡಬೇಕೆಂಬುದು ಇಲ್ಲಿ ಬಹಳ ಜನಕ್ಕೆ ಕೈಗೆ ಬಂದಿಲ್ಲ. ಆದರೆ ಸೆಪ್ಟೆಂಬರ್, ಅಕ್ಟೋಬರ್‌ನ ಸಂಜೆ ಮಳೆಗಳು ನಮ್ಮನ್ನೂ ಬಿಡುವುದಿಲ್ಲ. ಅದರ ಬೆನ್ನಿಗೇ ಚಳಿಗಾಲದ ಬೆಳಗಿನ ಜಾವದ ಮಂಜು ಶುರುವಾಗುತ್ತದೆ. ಆ ದಿನಗಳಲ್ಲಿ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಹೈದರಾಬಾದ್ ಕಡೆಯ ಲಾರಿಗಳ ನಡುವೆ, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಗಾಜು ಒರೆಸುತ್ತ ಹೋಗುವವರು ಕಣ್ಣಿಗೆ ಬೀಳುತ್ತಾರೆ. ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ, ಯಾಕೆಂದರೆ ಅವರ ಕಾರಿನಲ್ಲೇ ಆ ಮಬ್ಬನ್ನು ಒಂದೆರಡು ನಿಮಿಷದಲ್ಲಿ ಬಿಡಿಸುವ ವ್ಯವಸ್ಥೆ ಇರುತ್ತದೆ.

ಮಳೆ ಶುರುವಾದ ಕೂಡಲೇ ಹೆಚ್ಚಿನವರು ಮಾಡುವುದು ಎರಡು ಕೆಲಸ. ಕಿಟಕಿಗಳನ್ನು ಪೂರ್ತಿ ಏರಿಸುತ್ತಾರೆ. ಕಾರಿನ ಚಿತ್ರದೊಳಗೆ ಬಾಗಿದ ಬಾಣ ಇರುವ ರೀಸರ್ಕ್ಯುಲೇಷನ್ ಬಟನ್ ಒತ್ತಿ, ಹೊರಗಿನ ಗಾಳಿ ಒಳಗೆ ಬಾರದಂತೆ ಮಾಡುತ್ತಾರೆ. ಹಿಂದಿನ ಸೀಟಿನಲ್ಲಿ ಮಾವನವರೋ ದೊಡ್ಡಪ್ಪನೋ ಕೂತಿದ್ದರಂತೂ, “ಹೊರಗಡೆ ಇಷ್ಟು ಥಂಡಿ ಐತೆ, ಆ ಗಾಳಿ ಯಾಕಪ್ಪಾ ಒಳಗೆ ಬಿಡ್ತೀಯ, ಮುಚ್ಚು” ಎನ್ನುತ್ತಾರೆ. ಕೇಳುವುದಕ್ಕೆ ಸರಿಯಾಗಿಯೇ ಇದೆ. ಹೊರಗೆ ತೇವ, ಗಾಜಿನ ಮೇಲೂ ತೇವ, ಅಂದಮೇಲೆ ಹೊರಗಿನದೇ ಒಳಗೆ ಬಂದಿರಬೇಕು ಅನ್ನಿಸುತ್ತದೆ. ಆದರೆ ಗಾಜಿನ ಒಳಮೈ ಮೇಲೆ ಕೂತ ನೀರು ಬಹುಪಾಲು ಕಾರಿನೊಳಗಿನದು. ನಮ್ಮ ಉಸಿರಿನದು, ಮೈಯದು, ನೆನೆದ ಬಟ್ಟೆಯದು. ಕಿಟಕಿ ಮುಚ್ಚಿ, ರೀಸರ್ಕ್ಯುಲೇಷನ್ ಹಾಕಿದರೆ ಅದನ್ನು ಹೊರಗೆ ಹೋಗಲು ಬಿಡದೆ ಕೂಡಿಹಾಕಿದ ಹಾಗಾಗುತ್ತದೆ.

ಗಾಳಿಯಲ್ಲಿ ಯಾವಾಗಲೂ ಒಂದಿಷ್ಟು ನೀರಾವಿ ಇದ್ದೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾಳಿ ಬಿಸಿಯಾಗಿದ್ದಷ್ಟೂ ಹೆಚ್ಚು ನೀರಾವಿಗೆ ಜಾಗ, ತಣ್ಣಗಾದಷ್ಟೂ ಕಡಿಮೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಇರಬಲ್ಲದು. 20 ಡಿಗ್ರಿಗೆ ಅದು 17 ಗ್ರಾಂ, 15 ಡಿಗ್ರಿಗೆ 13 ಗ್ರಾಂ, 10 ಡಿಗ್ರಿಗೆ 9 ಗ್ರಾಂ ಚಿಲ್ಲರೆ. ಗಾಳಿ ತಣಿಯುತ್ತ ಹೋದಂತೆ ಒಂದು ಹಂತದಲ್ಲಿ, ಇದ್ದ ನೀರಾವಿಗೆ ಜಾಗ ಸಾಲದೆ ಹೆಚ್ಚಾದದ್ದು ಹನಿಯಾಗುತ್ತದೆ. ಆ ಉಷ್ಣಾಂಶಕ್ಕೆ ಇಬ್ಬನಿ ಬಿಂದು ಎನ್ನುತ್ತಾರೆ. ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬಿನ ಹೊರಮೈ ಬೆವರುವುದೂ ಇದರಿಂದಲೇ. ಕಾರಿನಲ್ಲಿ ಚೊಂಬಿನ ಜಾಗದಲ್ಲಿ ಗಾಜು ಇದೆ. ಮಳೆಯೂ ಎದುರುಗಾಳಿಯೂ ಅದನ್ನು ಹೊರಗಿನಿಂದ ತಣ್ಣಗೆ ಮಾಡುತ್ತವೆ, ಒಳಗೆ ನಮ್ಮ ಮೈ ಬಿಸಿಗೆ ಬೆಚ್ಚಗಾದ ಗಾಳಿ ಅದಕ್ಕೆ ತಾಗುತ್ತದೆ. ಗಾಜಿನ ಉಷ್ಣಾಂಶ ಒಳಗಿನ ಗಾಳಿಯ ಇಬ್ಬನಿ ಬಿಂದುವಿಗಿಂತ ಕೆಳಗಿಳಿಯಿತೋ, ಸಣ್ಣ ಸಣ್ಣ ಹನಿ ಕೂರತೊಡಗುತ್ತದೆ. ಒಂದೊಂದು ಹನಿಯೂ ಬೆಳಕನ್ನು ದಿಕ್ಕುದಿಕ್ಕಿಗೆ ಚೆದುರಿಸುವುದರಿಂದ ಗಾಜು ಬೆಳ್ಳಗೆ ಕಾಣುತ್ತದೆ. ಎದುರಿನ ಲಾರಿಯ ಹೆಡ್‌ಲೈಟ್ ಬಿದ್ದರಂತೂ ಇಡೀ ಗಾಜು ಬೆಳಕಿನ ಪರದೆಯಾಗಿ ರಸ್ತೆ ಮಾಯವಾಗುತ್ತದೆ.

ಇದು ಎಷ್ಟು ಬೇಗ ಆಗುತ್ತದೆ ಎಂದು ಲೆಕ್ಕ ಹಾಕಿ ನೋಡಿದರೆ ಗಾಬರಿಯಾಗುತ್ತದೆ. ಸಾಧಾರಣ ಕಾರಿನೊಳಗಿನ ಜಾಗ ಸುಮಾರು 3 ಘನ ಮೀಟರ್ ಎಂದುಕೊಳ್ಳಿ. ಡಿಸೆಂಬರ್‌ನ ಒಂದು ಬೆಳಗಿನ ಜಾವ ಹೊರಗೆ 15 ಡಿಗ್ರಿ, ತೇವಾಂಶ ಶೇಕಡಾ 90. ಬಾಗಿಲು ತೆರೆದು ಕೂತಾಗ ಕಾರಿನೊಳಗಿನ ಗಾಳಿಯಲ್ಲಿ ಸುಮಾರು 35 ಗ್ರಾಂ ನೀರಾವಿ ಇರುತ್ತದೆ. 15 ಡಿಗ್ರಿಯ ಗಾಜಿನ ಪಕ್ಕದಲ್ಲಿ ಹನಿಯಾಗದೆ ಇರಬಲ್ಲದ್ದು ಹೆಚ್ಚೆಂದರೆ 38 ಗ್ರಾಂ. ಅಂದರೆ ಉಳಿದ ಜಾಗ ಬರೀ ಮೂರು ನಾಲ್ಕು ಗ್ರಾಂ. ಸುಮ್ಮನೆ ಕೂತ ಒಬ್ಬ ಮನುಷ್ಯ ಉಸಿರಿನಿಂದಲೂ ಚರ್ಮದಿಂದಲೂ ಗಂಟೆಗೆ 40ರಿಂದ 50 ಗ್ರಾಂನಷ್ಟು ನೀರು ಬಿಡುತ್ತಾನೆ. ಒಬ್ಬನೇ ಇದ್ದರೆ ಐದು ನಿಮಿಷ, ಐದು ಜನ ಇದ್ದರೆ ಒಂದೇ ನಿಮಿಷ ಸಾಕು. ನಿಜವಾದ ಕಾರಿನಲ್ಲಿ ಸಂದಿಗಳಿಂದ ಗಾಳಿ ಸೋರುತ್ತದೆ, ಗಾಜೂ ಸ್ವಲ್ಪ ಬೆಚ್ಚಗಾಗುತ್ತದೆ, ಆದ್ದರಿಂದ ಇಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ. ಆದರೂ ಕುಟುಂಬ ಸಮೇತ ಹೊರಟ ಕಾರು ಬೀದಿ ಕೊನೆ ಮುಟ್ಟುವಷ್ಟರಲ್ಲಿ ಮಬ್ಬಾಗುವುದೇಕೆ, ಒಬ್ಬರೇ ಹೋಗುವಾಗ ಅಷ್ಟು ಬೇಗ ಆಗದಿರುವುದೇಕೆ ಎಂಬುದಕ್ಕೆ ಉತ್ತರ ಇದರಲ್ಲಿದೆ.

ಮಳೆಯಲ್ಲೂ ಹೊರಗಿನ ಗಾಳಿಯೇ ಮದ್ದು ಯಾಕೆ ಎಂಬುದಕ್ಕೂ ಇದೇ ಲೆಕ್ಕ ಸಾಕು. ಗಾಜು ಹೆಚ್ಚುಕಡಿಮೆ ಹೊರಗಿನ ಗಾಳಿಯಷ್ಟೇ ತಣ್ಣಗಿರುತ್ತದೆ. ಹೊರಗಿನ ಗಾಳಿ ಎಷ್ಟೇ ತೇವವಾಗಿದ್ದರೂ, ಅದೇ ಉಷ್ಣಾಂಶದ ಗಾಜಿಗೆ ತಾಗಿ ಹೊಸದಾಗಿ ಹನಿ ಕೂರಿಸುವಷ್ಟು ನೀರಾವಿ ಅದರಲ್ಲಿರುವುದಿಲ್ಲ. ನಮ್ಮಿಂದ ಸೇರಿದ ಹೆಚ್ಚುವರಿ ನೀರಾವಿಯೇ ಹನಿಯಾಗುವುದು. ಹಾಗಾಗಿ ಎರಡು ಮುಂದಿನ ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿ ಗಾಳಿ ಹಾಯಲು ಬಿಟ್ಟರೆ ಸಾಕು, ಮಬ್ಬು ನಿಧಾನವಾಗಿ ಬಿಡುತ್ತದೆ. ಭುಜದ ಮೇಲೆ ನಾಲ್ಕು ಹನಿ ಬೀಳಬಹುದು, ಬೀಳಲಿ. ಎಸಿ ಇಲ್ಲದ ಹಳೆಯ ಗಾಡಿಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಎಸಿ ಇರುವ ಕಾರಿನಲ್ಲಿ ಕೆಲಸ ಇನ್ನೂ ಬೇಗ ಆಗುತ್ತದೆ. ನಮ್ಮಲ್ಲಿ ಎಸಿ ಎಂದರೆ ಸೆಕೆಗೆ ಮಾತ್ರ ಎಂಬ ಭಾವನೆ ಬೇರೂರಿದೆ. ಚಳಿಯಲ್ಲಿ ಎಸಿ ಹಾಕು ಎಂದರೆ ಜನ ಮುಖ ನೋಡುತ್ತಾರೆ. ಆದರೆ ಎಸಿ ಗಾಳಿಯನ್ನು ತಣ್ಣಗೆ ಮಾಡುವ ಜೊತೆಗೆ ಒಣಗಿಸುತ್ತದೆ. ಡ್ಯಾಶ್‌ಬೋರ್ಡಿನ ಒಳಗೆ ಇವಾಪರೇಟರ್ ಎಂಬ ತಣ್ಣನೆಯ ಲೋಹದ ಜಾಲರಿ ಇರುತ್ತದೆ, ಸೊನ್ನೆಗಿಂತ ಕೆಲವೇ ಡಿಗ್ರಿ ಮೇಲೆ. ಗಾಳಿ ಅದರ ಮೂಲಕ ಹಾಯುವಾಗ ನೀರಾವಿ ಅಲ್ಲೇ ಹನಿಯಾಗಿ, ಒಂದು ಸಣ್ಣ ಪೈಪಿನಲ್ಲಿ ಇಳಿದು ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಎಸಿ ಹಾಕಿ ನಿಲ್ಲಿಸಿದ ಕಾರಿನಡಿ ನೀರು ಬೀಳುವುದನ್ನು ಎಲ್ಲರೂ ನೋಡಿರುತ್ತೀರಿ. 5 ಡಿಗ್ರಿಗೆ ಇಳಿದ ಗಾಳಿಯಲ್ಲಿ ಘನ ಮೀಟರಿಗೆ 7 ಗ್ರಾಂಗಿಂತ ಹೆಚ್ಚು ನೀರಾವಿ ಉಳಿಯಲಾರದು. ಆ ಗಾಳಿಯನ್ನು ಮತ್ತೆ 25 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ ಶೇಕಡಾ 30ರ ಆಸುಪಾಸಿಗೆ ಬಂದುಬಿಡುತ್ತದೆ. ಬಾಯಾರಿದ ಇಂಥ ಗಾಳಿ ಗಾಜಿಗೆ ಬಡಿದರೆ ಅಲ್ಲಿರುವ ಹನಿಯನ್ನೆಲ್ಲ ಹೀರಿಕೊಂಡು ಹೋಗುತ್ತದೆ.

ಆದ್ದರಿಂದ ಎಸಿಯೂ ಬಿಸಿಯೂ ಒಟ್ಟಿಗೆ ಬೇಕು. ಇದು ವಿಚಿತ್ರ ಅನ್ನಿಸಬಹುದು, ಆದರೆ ಕಾರು ತಯಾರಿಸುವವರೇ ಹೀಗೆ ಯೋಚಿಸಿ ವ್ಯವಸ್ಥೆ ಮಾಡಿರುತ್ತಾರೆ. ಬಾಗಿದ ಗಾಜಿನ ಚಿತ್ರದ ಮೇಲೆ ಅಂಕುಡೊಂಕು ಬಾಣಗಳಿರುವ ಮುಂದಿನ ಡಿಫಾಗರ್ ಬಟನ್ ಒತ್ತಿದರೆ ಅನೇಕ ಕಾರುಗಳಲ್ಲಿ ಎಸಿ ತಾನಾಗಿಯೇ ಚಾಲೂ ಆಗುತ್ತದೆ, ಹೊರಗಿನ ಗಾಳಿಯ ದಾರಿಯೂ ತೆರೆದುಕೊಳ್ಳುತ್ತದೆ. ತಿರುಗಿಸುವ ಗುಂಡಿಗಳ ಕಾರಿನಲ್ಲಿ ಅದನ್ನೆಲ್ಲ ನಾವೇ ಮಾಡಬೇಕು: ಗಾಳಿಯ ದಿಕ್ಕು ಮುಂದಿನ ಗಾಜಿಗೆ, ರೀಸರ್ಕ್ಯುಲೇಷನ್ ಬಂದ್, ಎಸಿ ಆನ್, ಬಿಸಿಯ ಗುಂಡಿ ಕೆಂಪು ಕಡೆಗೆ, ಫ್ಯಾನ್ ಜೋರಾಗಿ. ಇಂಜಿನ್ ಆಗಷ್ಟೇ ಸ್ಟಾರ್ಟ್ ಆಗಿದ್ದರೆ ಅದನ್ನು ತಣಿಸುವ ದ್ರವ, ಅಂದರೆ ಕೂಲೆಂಟ್, ಬಿಸಿಯಾಗಲು ಕೆಲವು ನಿಮಿಷ ಹಿಡಿಯುತ್ತದೆ, ಅಲ್ಲಿಯವರೆಗೆ ಹೀಟರ್ ಕೆಲಸಕ್ಕೆ ಬಾರದು. ಎಸಿಗೆ ಅಷ್ಟು ಕಾಯಬೇಕಿಲ್ಲ. ಇಂಜಿನ್ ಕಾರಿನ ಹೀಟರ್ ಬಳಸುವುದು ಹೇಗೂ ವ್ಯರ್ಥವಾಗುವ ಬಿಸಿಯನ್ನೇ. ಹಾಗಾಗಿ ಅದಕ್ಕೆ ಪೆಟ್ರೋಲ್ ಖರ್ಚಾಗುತ್ತದೆಂಬ ಅಂಜಿಕೆ ಬೇಡ. ಎಸಿಗೆ ಸ್ವಲ್ಪ ಇಂಧನ ಹೋಗುತ್ತದೆ ನಿಜ, ಎದುರಿನ ರಸ್ತೆ ಕಾಣಿಸುವುದಕ್ಕಾಗಿ ಅಷ್ಟು ಖರ್ಚು ಮಾಡಲೇಬೇಕು.

ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗಾಜು ಸ್ವಚ್ಛವಾಯಿತೆಂದು ಎಸಿ ಬಂದ್ ಮಾಡಿ ಫ್ಯಾನ್ ಮಾತ್ರ ಬಿಟ್ಟರೆ, ಸ್ವಲ್ಪ ಹೊತ್ತಿನಲ್ಲೇ ಮಬ್ಬು ಮತ್ತೆ ಧುತ್ತೆಂದು ಬರುತ್ತದೆ. ಇವಾಪರೇಟರಿನ ಜಾಲರಿಗೆ ಅಂಟಿಕೊಂಡಿದ್ದ ನೀರು ಬೆಚ್ಚಗಾಗಿ ಆವಿಯಾಗಿ ಅದೇ ಫ್ಯಾನಿನ ಗಾಳಿಯ ಜೊತೆ ಗಾಜಿನ ಮೇಲೆ ಬಂದು ಕೂರುವುದರಿಂದ ಹೀಗಾಗುತ್ತದೆ. ಮಳೆ ನಿಲ್ಲುವವರೆಗೆ ಎಸಿ ಓಡುತ್ತಿರಲಿ, ಚಳಿಯಾದರೆ ಬಿಸಿಯ ಗುಂಡಿ ಹೆಚ್ಚಿಸಿಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಮಬ್ಬು ಹೋಗದಿದ್ದರೆ, ಅದು ಯಾವ ಕಡೆ ಕೂತಿದೆ ನೋಡಬೇಕು. ಗಾಜಿಗೆ ಒಳಗಿನಿಂದ ಬೆರಳು ಎಳೆಯಿರಿ. ಗೆರೆ ಮೂಡಿದರೆ ಒಳಗಿನದು. ಮೂಡದೆ, ವೈಪರ್ ಒಂದು ಸಲ ಆಡಿದ ಕೂಡಲೇ ಹೋದರೆ ಹೊರಗಿನದು. ಆಗ ಮಾಡಬೇಕಾದ್ದು ಪೂರ್ತಿ ಉಲ್ಟಾ. ಹೊರಗೆ 22 ಡಿಗ್ರಿ, ತೇವಾಂಶ ಶೇಕಡಾ 90 ಇರುವ ಮಳೆಗಾಲದ ರಾತ್ರಿ ಹೊರಗಿನ ಗಾಳಿಯ ಇಬ್ಬನಿ ಬಿಂದು 20 ಡಿಗ್ರಿಯ ಹತ್ತಿರ ಇರುತ್ತದೆ. ಒಳಗೆ ಎಸಿಯನ್ನು ಕನಿಷ್ಠಕ್ಕಿಟ್ಟು ತಣ್ಣನೆಯ ಗಾಳಿಯನ್ನು ನೇರ ಗಾಜಿಗೆ ಬಿಟ್ಟರೆ ಗಾಜು ಅದಕ್ಕಿಂತ ತಣ್ಣಗಾಗಿ ಹೊರಮೈ ಮೇಲೆ ಇಬ್ಬನಿ ಕೂರುತ್ತದೆ. ವೈಪರ್ ಹಾಕಿ, ಗಾಳಿಯನ್ನು ಗಾಜಿನಿಂದ ಬೇರೆ ಕಡೆಗೆ ತಿರುಗಿಸಿ, ಉಷ್ಣಾಂಶ ಹೆಚ್ಚಿಸಿದರೆ ಸರಿಹೋಗುತ್ತದೆ. ಒಳಗಿನ ಮಬ್ಬು, ಹೊರಗಿನ ಮಬ್ಬು ಎಂಬ ಈ ವ್ಯತ್ಯಾಸ ತಿಳಿಯದೆಯೇ “ಎಸಿ ಹಾಕಿದರೆ ಹೋಗುತ್ತೆ” “ಇಲ್ಲ, ಎಸಿ ಹಾಕಿದ್ದಕ್ಕೇ ಬಂತು” ಎಂದು ವಾದಗಳು ನಡೆಯುತ್ತವೆ. ಇಬ್ಬರ ಅನುಭವವೂ ನಿಜವೇ.

ನಂದಿ ಬೆಟ್ಟದ ದಾರಿಯಲ್ಲಿ ಈ ಎರಡೂ ಕಷ್ಟ ಒಂದೇ ಬೆಳಿಗ್ಗೆ ಎದುರಾಗಬಹುದು. ಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ, ತಪ್ಪಲಿಗಿಂತ ಸುಮಾರು 500 ಮೀಟರ್ ಮೇಲೆ. ಹತ್ತುತ್ತ ಹೋದಂತೆ ಗಾಳಿ ಸುಮಾರು 3 ಡಿಗ್ರಿ ತಣಿಯುತ್ತದೆ. ಮೋಡ ತಲೆಗೆ ತಾಗುವ ದಿನಗಳಲ್ಲಿ ಮೇಲಿನ ಗಾಳಿಯ ತೇವಾಂಶ ನೂರಕ್ಕೆ ನೂರು. ಸೂರ್ಯೋದಯ ನೋಡಲು ಬಂದವರ ಕಾರುಗಳು ಕತ್ತಲಲ್ಲೇ ಸಾಲುಗಟ್ಟಿ ನಿಂತಿರುತ್ತವೆ. ಚಳಿಯೆಂದು ಕಿಟಕಿ ಏರಿಸಿಕೊಂಡು, ಇಂಜಿನ್ ಬಂದ್ ಮಾಡಿ, ನಾಲ್ಕೈದು ಜನ ಒಳಗೇ ತೂಕಡಿಸುತ್ತಾರೆ. ಸಾಲು ಮುಂದೆ ಸರಿಯುವ ಹೊತ್ತಿಗೆ ನಾಲ್ಕೂ ಕಡೆಯ ಗಾಜು ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಆಗ ಅವಸರದಲ್ಲಿ ಅಂಗೈಯಗಲ ಜಾಗ ಒರೆಸಿಕೊಂಡು, ಆ ಕಿಂಡಿಯಿಂದಲೇ ನೋಡುತ್ತ ತಿರುವು ಹತ್ತುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಯುವಾಗಲೇ ಎರಡು ಕಿಟಕಿ ಸ್ವಲ್ಪ ಇಳಿಸಿರಿ. ಹೊರಡುವ ಮುಂಚೆ ಒಂದೆರಡು ನಿಮಿಷ ಡಿಫಾಗರ್ ಹಾಕಿ, ಪಕ್ಕದ ಗಾಜು, ಕನ್ನಡಿ ಎಲ್ಲ ಬಿಟ್ಟಿವೆಯೇ ನೋಡಿಕೊಂಡು ಹೊರಡಿ. ಸ್ಕಂದಗಿರಿ ಚಾರಣ ಮುಗಿಸಿ ಬೆವರಿನಲ್ಲಿ, ಮಂಜಿನಲ್ಲಿ ನೆನೆದು ಬಂದವರು ಕಾರಿಗೆ ಹತ್ತುವ ಮುಂಚೆ ಒದ್ದೆ ಜಾಕೆಟ್ ಬಿಚ್ಚಿ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಟ್ಟರೆ ಅರ್ಧ ತೊಂದರೆ ಕಳೆದಂತೆ.

ನಮ್ಮ ಜಿಲ್ಲೆಯದೇ ಆದ ಇನ್ನೊಂದು ಸಂಗತಿ ಇದೆ. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ನಸುಕಿನಲ್ಲಿ ಸೇವಂತಿಗೆ, ಗುಲಾಬಿ, ಚೆಂಡು ಹೂವಿನ ಮೂಟೆ ತರುವವರಲ್ಲಿ ಕೆಲವರು ಓಮ್ನಿಯಲ್ಲೋ ಹಳೆಯ ಕಾರಿನಲ್ಲೋ ಸೀಟು ಮಡಿಸಿ ತುಂಬಿಕೊಂಡು ಬರುತ್ತಾರೆ. ಇಬ್ಬನಿಯಲ್ಲಿ ಕಿತ್ತ ಹೂವು, ಅದರ ಮೇಲೆ ಬಾಡದಿರಲೆಂದು ಚಿಮುಕಿಸಿದ ನೀರು. ಹಿಂದೆ ಅಷ್ಟು ಮೂಟೆ ಇದ್ದರೆ ಹತ್ತು ಜನ ಕೂತಂತೆಯೇ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುವ ಗಾಡಿಗಳಲ್ಲೂ ಹೀಗೆಯೇ. ಗೂಡಿನೊಳಗಿನ ಪ್ಯೂಪಾ ಜೀವಂತವಾಗಿರುತ್ತದೆ, ಉಸಿರಾಡುತ್ತದೆ, ತೇವವನ್ನೂ ಬಿಸಿಯನ್ನೂ ಬಿಡುತ್ತದೆ. ಗಾಳಿಯಾಡದೆ ಒತ್ತಿ ತುಂಬಿದರೆ ಗೂಡಿಗೂ ಕೇಡು, ಡ್ರೈವರನ ಕಣ್ಣಿಗೂ ಕೇಡು. ಇಂಥ ಗಾಡಿಯಲ್ಲಿ ಕಿಟಕಿ ತೆರೆಯದೆ ಬೇರೆ ಉಪಾಯ ಇಲ್ಲ. ಮುಂದೆ ಒಂದು, ಹಿಂದೆ ಒಂದು, ಎದುರುಬದುರು ತೆರೆದಿಟ್ಟರೆ ಗಾಳಿ ಅಡ್ಡಡ್ಡ ಹಾಯುತ್ತದೆ. ಸೀಟಿನ ಹಿಂದೆ ದಪ್ಪ ಪ್ಲಾಸ್ಟಿಕ್ ಪರದೆ ಕಟ್ಟಿಕೊಂಡರೆ ಮುಂದಿನ ಗಾಜಿಗೆ ತೇವ ಬರುವುದು ಇನ್ನೂ ಕಡಿಮೆಯಾಗುತ್ತದೆ.

ಗಾಜಿನ ಕೊಳೆಯ ಪಾಲೂ ಸಣ್ಣದಲ್ಲ. ಮುಂದಿನ ಗಾಜಿನ ಹೊರಮೈಯನ್ನು ದಿನಾ ತೊಳೆಯುತ್ತೇವೆ, ಒಳಮೈ ಮುಟ್ಟುವುದೇ ಅಪರೂಪ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ನಿಂದ ಹೊರಡುವ ಆವಿ, ಪಾಲಿಶ್‌ನ ಜಿಡ್ಡು, ಧೂಳು, ಶುಕ್ರವಾರ ಹಚ್ಚಿದ ಊದುಬತ್ತಿಯ ಹೊಗೆ, ಎಲ್ಲ ಸೇರಿ ಅಲ್ಲಿ ತೆಳುವಾದ ಪೊರೆ ಕಟ್ಟುತ್ತದೆ. ಹಗಲು ಕಾಣುವುದಿಲ್ಲ. ರಾತ್ರಿ ಎದುರಿನ ಬೆಳಕು ಬಿದ್ದಾಗ ಬಣ್ಣಬಣ್ಣದ ಸುತ್ತು ಗೀರುಗಳಾಗಿ ಕಾಣುತ್ತದೆ. ನೀರಾವಿ ಹನಿಯಾಗಿ ಕೂರಲು ಈ ಕೊಳೆಯ ಕಣಗಳು ಆಸರೆ ಕೊಡುತ್ತವೆ. ಬೆರಳಲ್ಲಿ ಅಂಗೈಯಲ್ಲಿ ಒರೆಸಿದರೆ ಕೈಯ ಎಣ್ಣೆಯೂ ಸೇರಿ, ಮುಂದಿನ ಸಲ ಅದೇ ಜಾಗ ಮೊದಲು ಮಬ್ಬಾಗುತ್ತದೆ. ಎರಡು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ. ಒಂದಕ್ಕೆ ಗಾಜಿನ ಕ್ಲೀನರ್ ಸಿಂಪಡಿಸಿ ಒರೆಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಕೂಡಲೇ ಉಜ್ಜಿ ಒಣಗಿಸಿ. ಗಾಜು ಡ್ಯಾಶ್‌ಬೋರ್ಡಿಗೆ ಸೇರುವ ಕೆಳಗಿನ ಮೂಲೆಗೆ ಕೈ ಹೋಗುವುದು ಕಷ್ಟ. ಆದರೆ ಪೊರೆ ದಪ್ಪಗಿರುವುದು ಅಲ್ಲೇ, ಬಟ್ಟೆಯನ್ನು ಸ್ಕೇಲಿಗೆ ಸುತ್ತಿಯಾದರೂ ಮುಟ್ಟಿಸಿ. ಅಲ್ಲಿಯೇ ಗಾಳಿ ಬರುವ ಸೀಳುಗಳೂ ಇವೆ. ಗಣಪತಿ ವಿಗ್ರಹದ ಕೆಳಗಿನ ಮ್ಯಾಟು, ಟಿಶ್ಯೂ ಡಬ್ಬಿ, ಒಳಗೆ ಜಾರಿಬಿದ್ದ ರಸೀದಿಗಳು ಆ ಸೀಳುಗಳನ್ನು ಮುಚ್ಚಿದರೆ ಡಿಫಾಗರ್ ಹಾಕಿಯೂ ಗಾಜಿನ ಒಂದು ಪಕ್ಕ ಬಿಡುವುದೇ ಇಲ್ಲ.

ಶೇವಿಂಗ್ ಫೋಮ್ ಅಥವಾ ಪಾತ್ರೆ ಸೋಪಿನ ನೀರು ಹಚ್ಚಿ ಒರೆಸುವ ಉಪಾಯ ಎಲ್ಲ ಕಡೆ ಹರಿದಾಡುತ್ತಿದೆ. ಅದರಲ್ಲಿ ಸತ್ಯ ಇದೆ. ಸೋಪಿನ ಅಂಶ ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುವುದರಿಂದ ನೀರು ಹನಿಯಾಗಿ ನಿಲ್ಲದೆ ತೆಳುವಾದ ಹಾಳೆಯಂತೆ ಹರಡುತ್ತದೆ, ಆರಪಾರ ಕಾಣುತ್ತದೆ. ಕೆಲವು ದಿನ ತಡೆಯುತ್ತದೆ, ಆಮೇಲೆ ಮತ್ತೆ ಹಚ್ಚಬೇಕು. ನನ್ನ ಮಟ್ಟಿಗೆ ಪಕ್ಕದ ಗಾಜುಗಳಿಗೆ ಇದು ಸರಿ. ಮುಂದಿನ ಗಾಜಿಗೆ ಬೇಡ, ಉಳಿದ ಪೊರೆಯಿಂದ ರಾತ್ರಿ ಹೆಡ್‌ಲೈಟ್ ಇನ್ನಷ್ಟು ಕಣ್ಣು ಕುಕ್ಕುತ್ತದೆ. ಅಕ್ಕಿ ಗಂಟು, ಸಿಲಿಕಾ ಜೆಲ್ ಚೀಲ ಇಡುವುದರ ಮೇಲೆ ಹೆಚ್ಚು ಭರವಸೆ ಬೇಡ. ಸಿಲಿಕಾ ಜೆಲ್ ಹೀರುವುದು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು, ಅದೂ ನಿಧಾನವಾಗಿ. ಕಾಲು ಕಿಲೋ ಚೀಲ ಹೀರುವಷ್ಟು ನೀರನ್ನು ಒಂದು ಸಂಸಾರ ಅರ್ಧ ಗಂಟೆಯಲ್ಲಿ ಉಸಿರಾಡಿಬಿಡುತ್ತದೆ. ರಾತ್ರಿ ನಿಂತ ಕಾರಿನೊಳಗೆ ಅದರಿಂದ ಅಲ್ಪ ಸ್ವಲ್ಪ ಉಪಯೋಗ, ಅಷ್ಟೇ.

ಹಿಂದಿನ ಗಾಜಿನಲ್ಲಿ ಅಡ್ಡಡ್ಡಕ್ಕೆ ಕಾಣುವ ಸಣ್ಣ ಗೆರೆಗಳು ಬಿಸಿಯಾಗುವ ತಂತಿಗಳು. ಚೌಕದೊಳಗೆ ಬಾಣಗಳಿರುವ ಬಟನ್ ಒತ್ತಿದರೆ ಅವು ಗಾಜನ್ನು ಬೆಚ್ಚಗೆ ಮಾಡುತ್ತವೆ. ಒರೆಸುವಾಗ ಗೆರೆಯ ಉದ್ದಕ್ಕೇ ಒರೆಸಿ. ಮೇಲೆ ಅಂಟಿಸಿದ ಸ್ಟಿಕ್ಕರನ್ನು ಬ್ಲೇಡಿನಿಂದ ಕೆರೆದರೆ ತಂತಿ ಕಿತ್ತು, ಆ ಸಾಲು ಕೆಲಸ ಮಾಡುವುದಿಲ್ಲ.

ಮಳೆಯೇ ಇಲ್ಲದ ದಿನವೂ ಬೆಳಿಗ್ಗೆ ಗಾಜು ಒಳಗಿನಿಂದ ಮಬ್ಬಾಗಿರುತ್ತದೆ ಎಂದರೆ ಕಾರಿನೊಳಗೆ ಎಲ್ಲೋ ನೀರು ನಿಂತಿದೆ. ಕಾಲಡಿಯ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಹೊಂಗೆ ಮರದಡಿ ಕಾರು ನಿಲ್ಲಿಸುವವರು ಬಾನೆಟ್ ಎತ್ತಿ ವೈಪರ್‌ಗಳ ಬುಡ ನೋಡಿ. ಹೊರಗಿನ ಗಾಳಿ ಒಳಗೆ ಬರುವುದು ಆ ಭಾಗದಿಂದ. ಬೇಸಿಗೆಯಲ್ಲಿ ಉದುರಿದ ಹೂವು, ಎಲೆ ಅಲ್ಲಿ ಕೊಳೆತು ನೀರಿನ ದಾರಿ ಕಟ್ಟಿಕೊಂಡರೆ ಮಳೆ ನೀರು ಕಾರಿನೊಳಗೇ ಇಳಿಯುತ್ತದೆ. ಎಸಿಯ ನೀರು ಹೋಗುವ ಸಣ್ಣ ಪೈಪ್ ಕಟ್ಟಿದ್ದರೆ ಎಡಗಡೆ ಮುಂದಿನ ಸೀಟಿನ ಕಾಲಡಿ ಒದ್ದೆಯಾಗುವುದು ಸಾಮಾನ್ಯ. ಗ್ಲೋವ್ ಬಾಕ್ಸಿನ ಹಿಂದಿರುವ ಕ್ಯಾಬಿನ್ ಫಿಲ್ಟರನ್ನೂ ತೆಗೆಸಿ ನೋಡಿ, ನಮ್ಮ ಬಯಲುಸೀಮೆಯ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಫ್ಯಾನ್ ಎಷ್ಟೇ ಸದ್ದು ಮಾಡಿದರೂ ಗಾಜಿಗೆ ಗಾಳಿ ಮುಟ್ಟುವುದಿಲ್ಲ. ಒದ್ದೆ ಕಾರ್ಪೆಟ್ಟನ್ನು ಬಿಸಿಲಿರುವ ದಿನ ಬಾಗಿಲು ತೆರೆದಿಟ್ಟು, ಅಡಿಗೆ ಹಳೆಯ ಪೇಪರ್ ತುರುಕಿ ಪೂರ್ತಿ ಒಣಗಿಸಬೇಕು. ಒಂದು ಲೀಟರ್ ನೀರು ಅದರಲ್ಲಿ ಅಡಗಿ ಕೂತರೂ ಮೇಲೆ ಏನೂ ಕಾಣುವುದಿಲ್ಲ.

ಮಬ್ಬಿನ ಜೊತೆಗೆ ಸಿಹಿಯಾದ ವಾಸನೆ ಬಂದು, ಒರೆಸಿದರೆ ಬಟ್ಟೆಗೆ ಜಿಡ್ಡು ಅಂಟಿದರೆ ಅದು ನೀರಲ್ಲ. ಹೀಟರಿನ ಒಳಗಿನ ಸಣ್ಣ ರೇಡಿಯೇಟರ್ ಸೋರಿ ಕೂಲೆಂಟ್ ಆವಿಯಾಗಿ ಗಾಜಿಗೆ ಕೂರುತ್ತಿದೆ ಎಂದು ತಿಳಿಯಬೇಕು. ಬಾನೆಟ್ ಅಡಿಯ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿದಿದೆಯೇ ಎಂದು ಇಂಜಿನ್ ತಣ್ಣಗಿರುವಾಗ ನೋಡಿ. ಇಳಿದಿದ್ದರೆ ದೂರದ ಪ್ರಯಾಣ ಮುಂದೂಡಿ, ಮೊದಲು ಗ್ಯಾರೇಜಿಗೆ ಒಯ್ಯಿರಿ. ಕೂಲೆಂಟ್ ಖಾಲಿಯಾಗುತ್ತ ಹೋದರೆ ಗಾಜಿನ ಜೊತೆ ಇಂಜಿನ್ನೂ ಕೆಡುತ್ತದೆ.